ಸೋರದ ಅಣೆಕಟ್ಟು

ಆವತ್ತಿನ ರಾದ್ಧಾಂತಕ್ಕೆಲ್ಲ ಮೂಲ ಒಂದು ಕಿಟಕಿ ಪರದೆ. ನೀಲಿ ಬಟ್ಟೆ, ಮೇಲೆ ಹಳದಿ ಹೂವು, ಹೆಂಡತಿ ತಾನೇ ಕೂತು ಹೊಲಿದದ್ದು. ಬೆಳಿಗ್ಗೆ ಅದನ್ನು ಮಡಿಸಿ ಗಂಡನ ಚೀಲಕ್ಕೆ ತುರುಕುತ್ತ ಆಕೆ ಹೇಳಿದಳು: "ರೀ, ಕಚೇರಿಯ ಮೇಲಿನ ಕೋಣೆಯ ಕಿಟಕಿಗೆ ಹಿಡಿದು ಅಳತೆ ನೋಡ್ಕೊಂಡು ಬನ್ನಿ. ಗಿಡ್ಡ ಆದ್ರೆ ಸಂಜೆ ಅಂಚು ಬಿಚ್ತೀನಿ."

"ಇನ್ನೂ ಕೋಣೆನೇ ಕೊಟ್ಟಿಲ್ವಲ್ಲೇ."

"ಇವತ್ತು ಕೊಡ್ತಾರೆ. ಹೆದರ್ಕೋಬೇಡಿ."

ಅವರಿಗೆ ಹೆದರಬೇಡಿ ಅನ್ನುವುದೂ ನೀರಿಗೆ ಹರಿಯಬೇಡ ಅನ್ನುವುದೂ ಒಂದೇ. ಅಣೆಕಟ್ಟಿನ ಕಚೇರಿಯಲ್ಲಿ ಅವರ ಹೆಸರು ಸುರಂಗದ ಸಾಹೇಬರು. ಅಣೆಕಟ್ಟಿನ ಹೊಟ್ಟೆಯೊಳಗೆ ಉದ್ದಕ್ಕೂ ಒಂದು ಇಕ್ಕಟ್ಟಿನ ಸುರಂಗ. ಗೋಡೆಯ ಆಚೆ ಇಡೀ ಜಲಾಶಯ, ಈಚೆ ಸಾಹೇಬರು. ಕಾಂಕ್ರೀಟಿನೊಳಗೆ ಜಿನುಗುವ ನೀರು ಒತ್ತಡ ಕಟ್ಟದೆ ಹೊರಗೆ ಹೋಗಲಿ ಎಂದು ಅಲ್ಲಿ ತೂತುಗಳನ್ನು ಬಿಟ್ಟಿದ್ದಾರೆ. ಆ ನೀರನ್ನು ದಿನವೂ ಇಳಿದುಹೋಗಿ ಅಳೆದು ಬರುವುದು ಅವರ ಕೆಲಸ.

ವರ್ಷಗಟ್ಟಲೆ ಅಳೆದರೂ ಮೆಟ್ಟಿಲಿಳಿಯುವಾಗ ಸಾಹೇಬರ ಕಾಲು ನಡುಗುವುದು ನಿಂತಿರಲಿಲ್ಲ. ಕನಸಿನಲ್ಲೂ ಆ ಗೋಡೆ ಬಿರಿಯುತ್ತಿತ್ತು. ಅವರು ಬಡ್ತಿ ಕೇಳಿದವರಲ್ಲ, ಬಹುಮಾನ ಕೇಳಿದವರಲ್ಲ. ಬಿಸಿಲು ಬೀಳುವ ಒಂದು ಕಿಟಕಿ, ಅದರ ಪಕ್ಕ ಒಂದು ಕುರ್ಚಿ, ಇಷ್ಟೇ ಅವರ ಆಸೆ. ಬೇಡಿ ಬೇಡಿ ಕೊನೆಗೆ ಮುಖ್ಯ ಎಂಜಿನಿಯರರಿಂದ ಮಾತು ಸಿಕ್ಕಿತ್ತು. ಅಣೆಕಟ್ಟು ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಘದ ಅಧ್ಯಕ್ಷೆ ಬಂದು ನೋಡಿಹೋಗುವ ದಿನ ಎಲ್ಲ ಸುಸೂತ್ರವಾಗಿ ನಡೆದರೆ, ಮೇಲಿನ ಕೋಣೆ ಸಾಹೇಬರಿಗೆ. ಆ ದಿನವೇ ಇದು.

ಕಚೇರಿಗೆ ಕಾಲಿಟ್ಟರೆ ಎಲ್ಲರ ಬಾಯಲ್ಲೂ ಅಧ್ಯಕ್ಷೆಯದೇ ಸುದ್ದಿ.

"ಆಕೆ ಹುಬ್ಬು ಗಂಟು ಹಾಕಿದ್ರೆ ಅಣೆಕಟ್ಟನ್ನೇ ಮುಚ್ಚಿಸ್ತಾರಂತೆ," ಎಂದ ಟೈಪಿಸ್ಟ್.

"ಅಣೆಕಟ್ಟು ಹಾಳಾಗಿ ಹೋಗ್ಲಿ, ಮೊದಲು ಸುರಂಗದವರನ್ನೇ ಹಿಡಿಯೋದಂತೆ," ಎಂದ ಗುಮಾಸ್ತ, ಸಾಹೇಬರನ್ನು ಮೇಲಿಂದ ಕೆಳಗೆ ನೋಡಿ. ಹೆದರಿದವನ ಮೇಲೆ ಹಾವು ಎಸೆದರು ಅನ್ನುವುದು ಇದಕ್ಕೇ.

ಅಷ್ಟರಲ್ಲಿ ಮುಖ್ಯ ಎಂಜಿನಿಯರರು ಕರೆಸಿದರು. ಮಂಡಿನೋವಿನ ನೆಪ ಹೇಳಿ ಅವರು ಸುರಂಗಕ್ಕಿಳಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. "ಏನ್ರೀ, ಮನೆಗೆ ನೆಂಟರು ಬರುವಾಗ ಸೂರು ಸೋರ್ತಾ ಇದ್ರೆ ಮರ್ಯಾದೆನಾ? ಕೆಳಗೆ ಒಂದು ಹನಿ ನೀರು ಕಾಣಬಾರದು."

"ಸಾರ್, ಅದು ಸೋರಲೇಬೇಕಲ್ಲ..."

"ಎದುರು ಮಾತಾಡ್ಬೇಡಿ! ಆ ಸಂಘದವರು ಬರೆದದ್ದನ್ನ ಪ್ರಪಂಚದ ಎಂಜಿನಿಯರುಗಳೆಲ್ಲ ಓದ್ತಾರೆ. ನನ್ನ ಮಾನ ದೇಶ ದೇಶ ಸುತ್ತಿ ಬರುತ್ತೆ. ಕಿಟಕಿ ಬೇಕೋ ಬೇಡ್ವೋ ನಿಮಗೆ?"

ಕಿಟಕಿ ಬೇಕಿತ್ತು. ಸಾಹೇಬರು ಚೀಲವನ್ನು ಎದೆಗವಚಿಕೊಂಡು ಕೆಳಗಿಳಿದರು. ಜೊತೆಗೆ ಫಿಟ್ಟರ್. ಇವನು ಪಕ್ಕದ ಮನೆಯವನೂ ಹೌದು, ಕೇಳದೆ ಸಲಹೆ ಕೊಡುವವನೂ ಹೌದು. ಸಣ್ಣ ತೂತುಗಳ ಜಿನುಗು ಒರೆಸಿದರೆ ಮುಗಿಯುತ್ತಿತ್ತು, ಆದರೆ ಮೆಟ್ಟಿಲ ಬುಡದಲ್ಲಿದ್ದ ದೊಡ್ಡ ತೂತಿನಿಂದ ನೀರು ಎಂದಿನಂತೆ ಧಾರೆಯಾಗಿ ಬೀಳುತ್ತಿತ್ತು. ಎಷ್ಟು ಒರೆಸಿದರೂ ಕಾಲಿಡುವ ಜಾಗ ಮತ್ತೆ ಒದ್ದೆ.

"ಒರೆಸ್ತಾ ಕೂತ್ರೆ ಆಗಲ್ಲ ಸಾರ್," ಎಂದ ಫಿಟ್ಟರ್. "ನಲ್ಲಿ ಸೋರಿದ್ರೆ ಬಟ್ಟೆ ತುರುಕಲ್ವಾ? ಹಾಗೇ."

"ಅಯ್ಯೋ, ಈ ತೂತು ಮುಚ್ಚಬಾರದು ಕಣಯ್ಯಾ. ಒಳಗೆ ಒತ್ತಡ ಏರುತ್ತೆ."

"ಆಕೆ ಬಂದು ಹೋಗೋವರೆಗೆ ಮಾತ್ರ. ಒಂದು ಗಳಿಗೆಗೆ ಅಣೆಕಟ್ಟು ಬಿದ್ದೋಗುತ್ತಾ?"

ಮೇಲೆ ಕಾರು ನಿಂತ ಸದ್ದಾಯಿತು. ಕೈಗೆ ಸಿಕ್ಕ ಬಟ್ಟೆ ಒಂದೇ. ಏನು ಮಾಡುತ್ತಿದ್ದೇನೆ ಎಂದು ತಿಳಿಯುವ ಮೊದಲೇ ನೀಲಿ ಪರದೆ ತೂತಿನೊಳಗೆ ಹೋಗಿತ್ತು. ಅದರ ಮೇಲೆ ಫಿಟ್ಟರ್ ಮರದ ಬೆಣೆಯೊಂದನ್ನಿಟ್ಟು ಸುತ್ತಿಗೆಯಿಂದ ಜಡಿದ. ಧಾರೆ ನಿಂತಿತು. ನೀರು ನಿಂತ ಆ ಮೌನ ಸಾಹೇಬರಿಗೆ ಯಾವ ಸದ್ದಿಗಿಂತಲೂ ಭಯಂಕರವಾಗಿ ಕೇಳಿಸಿತು.

ಅಧ್ಯಕ್ಷೆ ಇಳಿದು ಬಂದರು. ಪುಟ್ಟ ಆಳು, ನರೆತ ಕೂದಲು, ಮೊಣಕಾಲಿನವರೆಗೆ ರಬ್ಬರ್ ಬೂಟು. ಹಿಂದೆ ಅವರ ಮಾತನ್ನು ತಿಳಿಸಿ ಹೇಳಲು ಒಬ್ಬ ದುಭಾಷಿ. ಅವನ ದನಿಯಲ್ಲಿ ಏರಿಳಿತವೇ ಇಲ್ಲ, ರೈಲು ನಿಲ್ದಾಣದ ಪ್ರಕಟಣೆಯ ಹಾಗೆ. ಎಲ್ಲರ ಹಿಂದೆ ಮಂಡಿ ಹಿಡಿದುಕೊಂಡು ಮುಖ್ಯ ಎಂಜಿನಿಯರರು. ಸಾಹೇಬರು ತೂತಿಗೆ ಬೆನ್ನು ಕೊಟ್ಟು ನಿಂತರು. ಫಿಟ್ಟರ್ ಯಾವಾಗಲೋ ಮಾಯವಾಗಿದ್ದ.

ವೈದ್ಯರು ಹಣೆ ಮುಟ್ಟುವಂತೆ ಅಧ್ಯಕ್ಷೆ ಗೋಡೆ ಮುಟ್ಟಿ ನೋಡಿದರು. ಆಮೇಲೆ ತೂತಿನ ನೀರು ಹರಿದುಹೋಗುವ ಕಾಲುವೆಯಲ್ಲಿ ಅಳತೆಗೆಂದು ನೆಟ್ಟಿದ್ದ ತಗಡಿನ ಮುಂದೆ ಕೂತರು. ತಗಡು ಒಣಗಿತ್ತು.

"ನೀರು ಎಲ್ಲಿ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

"ನೀರೇ ಇಲ್ಲ!" ಮುಖ್ಯ ಎಂಜಿನಿಯರರ ಎದೆ ಉಬ್ಬಿತು. "ನಮ್ಮ ಅಣೆಕಟ್ಟು ಒಂದು ಹನಿಯೂ ಸೋರಲ್ಲ ಅಂತ ಹೇಳಿ."

ಅದನ್ನು ಕೇಳಿದ್ದೇ ಅಧ್ಯಕ್ಷೆಯ ಮುಖ ಬಿಳಿಚಿಕೊಂಡಿತು. ಎದ್ದು ನಿಂತು ಪಟಪಟನೆ ಏನೇನೋ ಹೇಳಿದರು. ದುಭಾಷಿ ಸಾವಧಾನವಾಗಿ ತಿಳಿಸಿದ: "ಸೋರದ ಅಣೆಕಟ್ಟನ್ನ ತಾವು ಎಲ್ಲೂ ಕಂಡಿಲ್ಲ ಅಂತಾರೆ. ಇಲ್ಲಿ ಬರಬೇಕಾದ ನೀರು ಬರ್ತಿಲ್ಲ ಅಂದ್ರೆ ಅದು ಬೇರೆ ದಾರಿ ಹುಡುಕ್ತಾ ಇದೆ. ನಾವೆಲ್ಲ ಸಾಯುವ ಸಂಭವ ಇದೆ."

ಟಪ್ ಎಂದು ಮುಖ್ಯ ಎಂಜಿನಿಯರರ ಬೋಳುತಲೆಯ ಮೇಲೆ ಒಂದು ಹನಿ ಬಿತ್ತು. ಎಲ್ಲರೂ ತಲೆ ಎತ್ತಿದರು. ಎಂದೂ ಒದ್ದೆಯಾಗದಿದ್ದ ಚಾವಣಿಯ ಸಂದಿನಲ್ಲಿ ನೀರು ಮಣಿಮಣಿಯಾಗಿ ಸಾಲುಗಟ್ಟುತ್ತಿತ್ತು. ಸಾಹೇಬರ ಕನಸಿನಲ್ಲಿ ಬಿರುಕು ಶುರುವಾಗುತ್ತಿದ್ದದ್ದೂ ಹೀಗೇ.

"ಎಲ್ಲರೂ ಮೇಲೆ ಓಡಬೇಕಂತೆ," ಎಂದ ದುಭಾಷಿ. "ಸೈರನ್ ಕೂಗಿಸಿ ಕೆಳಗಿನ ಕಾಲೋನಿ ಖಾಲಿ ಮಾಡಿಸಬೇಕಂತೆ."

ಮುಖ್ಯ ಎಂಜಿನಿಯರರು ಮಂಡಿನೋವು ಮರೆತು ಆಗಲೇ ಅರ್ಧ ಮೆಟ್ಟಿಲು ಏರಿದ್ದರು. ಕೆಳಗಿನ ಕಾಲೋನಿಯಲ್ಲೇ ಸಾಹೇಬರ ಮನೆ. ಪರದೆಯ ಅಂಚು ಬಿಚ್ಚಲು ಸೂಜಿ ಕತ್ತರಿ ಹಿಡಿದು ಕಾಯುತ್ತಿರುವವಳು ಸೈರನ್ ಕೇಳಿ ಬರಿಗಾಲಲ್ಲಿ ಓಡುತ್ತಾಳೆ. ಮುದುಕರು ಎಡವುತ್ತಾರೆ, ಮಕ್ಕಳು ತಪ್ಪಿಹೋಗುತ್ತವೆ. ಬಾಯಿ ಬಿಟ್ಟರೆ ಕಿಟಕಿ ಹೋಯಿತು, ನೌಕರಿಯೂ ಹೋಯಿತು. ಬಿಡದಿದ್ದರೆ? ಅದನ್ನು ಯೋಚಿಸಲೂ ಅವರಿಗೆ ಧೈರ್ಯ ಬರಲಿಲ್ಲ.

"ಪರದೆ!" ಎಂದು ಕಿರುಚಿದರು. "ನಾನೇ... ತೂತಿಗೆ... ನಮ್ಮನೆ ಪರದೆ!"

ಕಿರುಚಿದವರೇ ಬೆಣೆಯನ್ನು ಹಿಡಿದು ಜಗ್ಗಿದರು. ಅಲ್ಲಾಡಲಿಲ್ಲ. ಅಧ್ಯಕ್ಷೆ ಸಾಹೇಬರ ಸೊಂಟ ಹಿಡಿದು ಎಳೆದರು, ಅಧ್ಯಕ್ಷೆಯ ಸೊಂಟವನ್ನು ದುಭಾಷಿ. ಕೂಗು ಕೇಳಿ ವಾಪಸು ಬಂದ ಮುಖ್ಯ ಎಂಜಿನಿಯರರು ಏನು ನಡೆದಿದೆ ಎಂದು ಬಗ್ಗಿ ನೋಡುವುದಕ್ಕೂ ಬೆಣೆ ಕಿತ್ತುಬರುವುದಕ್ಕೂ ಸರಿಹೋಯಿತು. ಬೆಣೆ, ಪರದೆ, ಹಿಂದೆಯೇ ದೊಡ್ಡ ಧಾರೆ, ಎಲ್ಲವೂ ನೇರವಾಗಿ ಅವರ ಮುಖಕ್ಕೆ.

ತಗಡಿನ ಮೇಲೆ ನೀರು ಹರಿಯಿತು. ಸ್ವಲ್ಪ ಹೊತ್ತಿಗೆ ಚಾವಣಿಯ ಮಣಿಗಳೂ ಒಂದೊಂದಾಗಿ ನಿಂತವು. ಅಧ್ಯಕ್ಷೆ ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಸಾಹೇಬರು ಒದ್ದೆ ಪರದೆ ಹಿಡಿದು, ಗಲ್ಲಿಗೇರುವವನ ಹಾಗೆ ನಿಂತಿದ್ದರು.

ಕೊನೆಗೆ ಅಧ್ಯಕ್ಷೆ ಹೇಳಿದ್ದನ್ನು ದುಭಾಷಿ ತಿಳಿಸಿದ: "ಸಂಘದವರು ಪೊಲೀಸರಲ್ಲ, ಶಿಕ್ಷೆ ಕೊಡೋ ಅಧಿಕಾರವೂ ಅವರಿಗಿಲ್ಲ. ಒಂದು ದೇಶದಲ್ಲಾದ ತಪ್ಪು ಇನ್ನೊಂದು ದೇಶದಲ್ಲಿ ಆಗಬಾರದು ಅಂತ ಎಲ್ಲರಿಗೂ ತಿಳಿಸೋದು ಅವರ ಕೆಲಸ. ಆದ್ರೆ ಹೋದಕಡೆಯೆಲ್ಲ ಜನ ಒರೆಸಿ ಒಣಗಿಸಿ ತೋರಿಸ್ತಾರಂತೆ. ತನ್ನ ತಪ್ಪನ್ನ ಕೈಯಾರೆ ಹೊರಗೆಳೆದು ತೋರಿಸಿದವರು ನೀವೇ ಮೊದಲಂತೆ."

ಸಾಹೇಬರಿಗೆ ಹೋದ ಜೀವ ಬಂದಂತಾಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಬಿಸಿಲು ಬಿದ್ದ ಕಿಟಕಿಯೊಂದು ಕಣ್ಣಮುಂದೆ ಮತ್ತೆ ತೆರೆಯಿತು.

"ಈ ಸುರಂಗ ಅಂದ್ರೆ ನಿಮಗೆ ಭಯವಾ ಅಂತ ಕೇಳ್ತಿದ್ದಾರೆ," ಎಂದ ದುಭಾಷಿ.

ನಿಜ ಹೇಳಿದ್ದರಿಂದ ಇಷ್ಟು ಒಳ್ಳೆಯದಾಗಿರುವಾಗ ಇನ್ನೊಂದು ನಿಜಕ್ಕೇಕೆ ಜಿಪುಣತನ? ಸಾಹೇಬರು ಮನಸ್ಸು ಬಿಚ್ಚಿದರು. "ತುಂಬಾ ಭಯ ಮೇಡಂ. ದಿನಾ ಭಯ. ಇಳಿಯುವಾಗ ಕಾಲು ನಡುಗುತ್ತೆ, ಗೋಡೆ ಕಂಡ್ರೆ ಎದೆ ಹೊಡ್ಕೊಳ್ಳುತ್ತೆ, ರಾತ್ರಿ ನಿದ್ದೆ ಬರಲ್ಲ."

ಅಧ್ಯಕ್ಷೆ ಎದ್ದು ಬಂದು ಅವರ ಎರಡೂ ಕೈ ಹಿಡಿದು, ಮುಖ್ಯ ಎಂಜಿನಿಯರರ ಕಡೆ ತಿರುಗಿ ಮಾತಾಡಿದರು.

"ಭಯ ಬಿಟ್ಟವನ ಕೈಗೆ ಅಣೆಕಟ್ಟು ಕೊಡಬಾರದಂತೆ," ಎಂದ ದುಭಾಷಿ. "ಇಂಥವರು ಸಿಗೋದು ಅಪರೂಪ. ಇವರನ್ನ ಈ ಸುರಂಗದಿಂದ ಯಾವತ್ತೂ ಕದಲಿಸಬೇಡಿ ಅಂತ ಸಂಘದ ಪರವಾಗಿ ಕೇಳ್ಕೊಳ್ತಿದ್ದಾರೆ."

"ಆಗ್ಲಿ, ಆಗ್ಲಿ!" ಮುಖ್ಯ ಎಂಜಿನಿಯರರು ಮುಖ ಒರೆಸಿಕೊಂಡರು. "ದಿನಕ್ಕೊಂದು ಸಲ ಯಾಕೆ? ಮೇಜು ಕುರ್ಚಿ ಇವತ್ತೇ ಕೆಳಗಿಳಿಸ್ತೀನಿ. ಬೆಳಗಿಂದ ಸಂಜೆವರೆಗೆ ಇಲ್ಲೇ ಇರ್ಲಿ. ಮೇಲಿನ ಕೋಣೆ ಹೇಗೂ ಆ ಫಿಟ್ಟರ್ ಸಾಮಾನು ಇಡೋಕೆ ಬೇಕು ಅಂತಿದ್ದ."

ಸಂಜೆ ಹೆಂಡತಿ ಬಾಗಿಲಲ್ಲೇ ಕೇಳಿದಳು: "ಅಳತೆ ಸರಿಹೋಯ್ತಾ?"

"ತೂತಿಗೆ ಸರಿಹೋಯ್ತು," ಎಂದು ಸಾಹೇಬರು ಒದ್ದೆ ಮುದ್ದೆಯನ್ನು ಅವಳ ಕೈಗಿಟ್ಟರು.

ಕಥೆ ಎಲ್ಲ ಕೇಳಿ ಅವಳು ಪರದೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದಳು. ಗಂಡನ ಮುಖ ನೋಡಲಾಗದೆ ಸಮಾಧಾನ ಹೇಳಿದಳು: "ಹೋಗ್ಲಿ ಬಿಡಿ ರೀ. ಕಿಟಕಿ ಇಲ್ದಿದ್ರೆ ಏನಂತೆ? ಸುರಂಗದ ಗೋಡೆಗೇ ಇದನ್ನ ಕಟ್ಕೊಳ್ಳಿ. ಹಿಂದೆ ಕಿಟಕಿ ಇದೆ ಅಂದ್ಕೊಂಡ್ರೆ ಆಯ್ತು."

"ಆ ಗೋಡೆ ಹಿಂದೆ ಏನಿದೆ ಅಂತ ನಿನಗೆ ಗೊತ್ತೇನೇ?" ಎಂದರು ಸಾಹೇಬರು.