ಕಟ್ಟಾಯದವಳ ಹೆಸರು

ನಿವೃತ್ತಿಯಾದ ಮೇಲೆ ಮನುಷ್ಯನಿಗೆ ಏನಾದರೊಂದು ಅಂಟಿಕೊಳ್ಳುತ್ತದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬೆಳಗಿನ ವಾಕಿಂಗು. ನನಗೆ ಅಂಟಿಕೊಂಡಿದ್ದು ಹಳೆಯ ಕಂದಾಯದ ಪುಸ್ತಕಗಳು. ಹಾಸನದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಹೇಳಿದವನು ನಾನು. ಹೊಯ್ಸಳ ರಾಜರನ್ನು ವರಸೆಯಾಗಿ ಒಪ್ಪಿಸಲಾಗದ ಹುಡುಗರನ್ನು ಮುಲಾಜಿಲ್ಲದೆ ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಂಥ ನನಗೆ ನನ್ನ ತಾಯಿಯ ತಾಯಿಯ ಹೆಸರೇ ಗೊತ್ತಿರಲಿಲ್ಲ. ನ್ಯಾಯವಾಗಿ ನಾನೂ ಬೆಂಚು ಹತ್ತಬೇಕಿತ್ತು. ಮಂಡಿನೋವು ಅಂತ ಹತ್ತಿಲ್ಲ, ಅಷ್ಟೆ.

ಈ ಗುಟ್ಟು ರಟ್ಟಾದದ್ದು ಅರಕಲಗೂಡಿನ ಚಿಕ್ಕವ್ವನಿಂದ. ನಮ್ಮಮ್ಮನ ತಂಗಿ ಸಾಕಮ್ಮ, ಎಂಬತ್ತು ದಾಟಿದ ಜೀವ. ಅವಳ ಮೊಮ್ಮಗನಿಗೆ ಹೆಣ್ಣುಮಗು ಹುಟ್ಟಿತು. ಮಗುವಿಗೆ ತನ್ನ ಅವ್ವನ ಹೆಸರನ್ನೇ ಇಡಬೇಕೆಂದು ಮುದುಕಿ ಹಟ ಹಿಡಿದಳು. ಮೊಮ್ಮಗನ ಹೆಂಡತಿ ಪುಣ್ಯಾತ್ಗಿತ್ತಿ, ತಕರಾರಿಲ್ಲದೆ ಒಪ್ಪಿ, "ಹೆಸರೇನಜ್ಜಿ?" ಎಂದು ಕೇಳಿದಳು. ಚಿಕ್ಕವ್ವ ಬಾಯಿ ತೆರೆದವಳು ಹಾಗೇ ಕೂತುಬಿಟ್ಟಳಂತೆ. ಅವಳ ಅವ್ವ, ಅಂದರೆ ನಮ್ಮಜ್ಜಿ, ತೀರಿಕೊಂಡಾಗ ಚಿಕ್ಕವ್ವ ಇನ್ನೂ ಕೈಗೂಸು, ನಮ್ಮಮ್ಮನಿಗೆ ಮೂರು ವರ್ಷ. ತಾತ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆಯಾದರು. ಸತ್ತವಳ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೂ 'ಕಟ್ಟಾಯದವಳು' ಎನ್ನುತ್ತಿದ್ದರು, ತೌರೂರು ಕಟ್ಟಾಯವಾದ್ದರಿಂದ. ಆ ತೌರಿನವರೂ ಈಗ ಯಾರೂ ಉಳಿದಿಲ್ಲ.

"ಮಗಾ, ನೀನು ಇಸ್ಟರಿ ಮೇಷ್ಟ್ರಲ್ವಾ? ನಮ್ಮವ್ವನ್ನ ಉಡುಕ್ಕೊಡ್ಲಾ," ಎಂದಳು ಚಿಕ್ಕವ್ವ ಫೋನಿನಲ್ಲಿ. "ಭಾನ್ವಾರ ನಾಮ್ಕರಣ. ಎಸ್ರು ಸಿಕ್ಕಲಿಲ್ಲ ಅಂದ್ರೆ ಇವು ಮೊಬೈಲಲ್ಲಿ ನೋಡಿ ಎಂತದೋ ಮಡಗ್ತವೆ. ನಾನೂ ಸತ್ತೋದ್ಮೇಲೆ ಅಂಗೊಬ್ಳು ಇದ್ಲು ಅನ್ನೋದೇ ಯಾರ್ಗೂ ಗೊತ್ತಿರಾಕಿಲ್ಲ ಕಣ್ಲಾ." ಹೊಗೆಸೊಪ್ಪಿನ ವ್ಯಾಪಾರಿಗಳ ಬೆವರಿಳಿಸಿದ ಹೆಂಗಸು ಅವಳು. ಅಂಥವಳ ದನಿ ನಡುಗಿದ್ದು ಕೇಳಿ, ಹುಡುಕಿಯೇ ತೀರುತ್ತೇನೆ ಎಂದು ಮಾತು ಕೊಟ್ಟೆ. ಕಟ್ಟಾಯದಲ್ಲಿ ಅವ್ವಂದು ಅಂತ ಒಂದು ಹೊಲವಿತ್ತು, ಅಲ್ಲಿಂದ ರಾಗಿ ಬರುತ್ತಿತ್ತು ಎಂದೂ ಏನೋ ಹೇಳಿದಳು. ವಯಸ್ಸಾದವರ ಮಾತು ಎಂದು ಹೂಂಗುಟ್ಟಿ ಫೋನಿಟ್ಟೆ. ನನ್ನ ತಲೆಯಲ್ಲಿ ಆಗಲೇ ಸಂಶೋಧನೆ ಶುರುವಾಗಿತ್ತು.

ತಾತನ ಊರು ಹೊಳೆನರಸೀಪುರ ತಾಲ್ಲೂಕು. ಅಲ್ಲಿನ ಕಚೇರಿಗೆ ಅರ್ಜಿ ಕೊಟ್ಟು, ಹಳೆಯ ದಾಖಲೆಗಳ ಕೋಣೆಯಲ್ಲಿ ಕೂತೆ. ಯಾರು ಹುಟ್ಟಿದರು, ಯಾರು ಸತ್ತರು ಎಂಬುದನ್ನು ಊರು ಮರೆಯಬಹುದು. ಕಂದಾಯ ಕಟ್ಟುವವರು ಯಾರು ಎಂಬುದನ್ನು ಯಾವ ಸರ್ಕಾರವೂ ಮರೆಯುವುದಿಲ್ಲ. ಗಂಟು ಬಿಚ್ಚಿದರೆ ಮೊದಲು ಬಂದದ್ದು ಧೂಳು, ಆಮೇಲೆ ಸೀನು, ಅದಾದ ಮೇಲೆ ತಿಮ್ಮೇಗೌಡರು. ನಮ್ಮ ತಾತನ ಹೆಸರು ತಿಮ್ಮೇಗೌಡ. ಆ ಒಂದೇ ಊರಿನಲ್ಲಿ ಹನ್ನೊಂದು ಜನ ತಿಮ್ಮೇಗೌಡರಿದ್ದರು! ತಿಮ್ಮೇಗೌಡ ಬಿನ್ ರಂಗೇಗೌಡ, ಅವನ ಮಗ ರಂಗೇಗೌಡ ಬಿನ್ ತಿಮ್ಮೇಗೌಡ, ಹೀಗೇ ಪುಟಗಟ್ಟಲೆ. ಎರಡು ದಿನ ತಿಣುಕಿ ಕೊನೆಗೆ, ಎಲ್ಲರಿಗಿಂತ ಹೆಚ್ಚು ಕಂದಾಯ ಕಟ್ಟಿದ್ದವನೇ ನಮ್ಮ ತಾತನಿರಬೇಕು ಎಂದು ತೀರ್ಮಾನಿಸಿದೆ. ಇತಿಹಾಸಕಾರನಿಗೆ ಒಳದನಿ ಅಂತ ಒಂದಿರುತ್ತದೆ ನೋಡಿ. ಪುಟದ ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರೂ ಕೈಮುಗಿದರು.

ದಾಖಲೆಗಳನ್ನು ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳು ಬಗ್ಗಿ ನೋಡಿ, "ಸಾ, ಕೊನೇ ಕಲಮು ಓದುದ್ರಾ? 'ಸಂತಾನವಿಲ್ಲದೆ ಮೃತ' ಅಂತ ಬರ್ದವ್ರೆ," ಎಂದಳು. ಅಂದರೆ ಸರ್ಕಾರಿ ದಾಖಲೆ ಪ್ರಕಾರ ನಮ್ಮಮ್ಮನೂ ಹುಟ್ಟಿರಲಿಲ್ಲ, ನಾನೂ ಹುಟ್ಟಿರಲಿಲ್ಲ.

"ಅಲ್ಲ ಸಾ, ನಿಮ್ಗೆ ಬೇಕಾಗಿರೋದು ಯಾರ ಎಸ್ರು?"

"ಅಜ್ಜೀದು."

"ಅಜ್ಜಿ ಬೇಕು ಅಂತ ತಾತನ್ನ ಉಡುಕ್ತಾ ಕುಂತಿದ್ದೀರಲ್ಲ! ಗಂಡನೂರಿನ ಪುಸ್ತಕದಲ್ಲಿ ಹೆಂಗಸ್ರು ಎಲ್ಲಿರ್ತಾರೆ? ತೌರಲ್ಲಿ ಅರಿಶಿನ ಕುಂಕುಮಕ್ಕೆ ಅಂತ ತುಂಡು ಜಮೀನು ಏನಾದ್ರೂ ಕೊಟ್ಟಿದ್ರಾ, ಕೇಳಿ."

ಚಿಕ್ಕವ್ವ ಹೇಳಿದ್ದ ಹೊಲ ಆಗ ತಲೆಗೆ ಬಂತು. ಹಣೆ ಹಣೆ ಚಚ್ಚಿಕೊಂಡೆ. ಎರಡು ದಿನ ತಾತನ ಊರಿನ ಪುಸ್ತಕದಲ್ಲಿ ಅಲೆಯುವ ಬದಲು ಮುದುಕಿಯ ಮಾತನ್ನು ಎರಡು ನಿಮಿಷ ಕೇಳಿದ್ದರೆ ಸಾಕಿತ್ತು. ಕಟ್ಟಾಯ ಇರುವುದು ಹಾಸನ ತಾಲ್ಲೂಕಿನಲ್ಲಿ, ಅದರ ಕಚೇರಿಯೋ ನಮ್ಮ ಮನೆಯಿಂದ ಕಾಲ್ನಡಿಗೆಯ ದೂರ!

ಶುಕ್ರವಾರ ಮಧ್ಯಾಹ್ನ, ಬಾಗಿಲು ಹಾಕಲು ಇನ್ನೊಂದು ಗಂಟೆ ಇದೆ ಎನ್ನುವಾಗ, ಕಟ್ಟಾಯದ ಪುಸ್ತಕದಲ್ಲಿ ಅವಳು ಸಿಕ್ಕಳು. 'ಹೊನ್ನಮ್ಮ ಕೋಂ ತಿಮ್ಮೇಗೌಡ.' ಕೋಂ ಅಂದರೆ ಹೆಂಡತಿ. ಪಕ್ಕದಲ್ಲೇ ನಮ್ಮ ತಾತನ ಊರಿನ ಹೆಸರೂ ಬರೆದಿತ್ತು. ತಂದೆ ಅರಿಶಿನ ಕುಂಕುಮಕ್ಕೆ ಕೊಟ್ಟ ಹೊಲ. ಈ ಸಲ ಕೊನೇ ಕಲಮನ್ನೂ ಓದಿದೆ. 'ಖಾತೆದಾರಳು ಮೃತ. ಅಪ್ರಾಪ್ತ ಹೆಣ್ಣುಮಕ್ಕಳು ಇಬ್ಬರು: ದೇವಮ್ಮ, ಸಾಕಮ್ಮ.' ದೇವಮ್ಮ ನಮ್ಮಮ್ಮ. ಆ ಗುಮಾಸ್ತ ಯಾರೋ, ಅವನ ಹೊಟ್ಟೆ ತಣ್ಣಗಿರಲಿ.

ಕಚೇರಿಯ ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದೆ. "ಹೊನ್ನಮ್ಮ, ಚಿಕ್ಕವ್ವ. ಅಜ್ಜಿ ಹೆಸರು ಹೊನ್ನಮ್ಮ." "ಇನ್ನೊಂದ್ಸಲ ಏಳು," ಎಂದಳು. ಹೇಳಿದೆ. "ಇನ್ನೊಂದ್ಸಲ." ಮತ್ತೆ ಹೇಳಿದೆ. ಆಮೇಲೆ ಎಂಬತ್ತು ದಾಟಿದ ಹೆಂಗಸು ಎಳೆಮಗುವಿನ ಹಾಗೆ "ಅವ್ವಾ" ಎಂದು ಅಳತೊಡಗಿದಳು. ನನಗೂ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ರೈತರೊಬ್ಬರು ನನ್ನ ಹೆಗಲು ತಟ್ಟಿ, "ಖಾತೆ ಆಗ್ನಿಲ್ವಾ ಸಾ? ಅಳ್ಬೇಡಿ, ನಂದೂ ಆಗಿಲ್ಲ," ಎಂದು ಸಮಾಧಾನ ಮಾಡಿದರು.

ಭಾನುವಾರ ಅರಕಲಗೂಡಿನಲ್ಲಿ ಚಿಕ್ಕವ್ವ ಮಗುವಿನ ಕಿವಿಯಲ್ಲಿ ತನ್ನ ಅವ್ವನ ಹೆಸರನ್ನು ಮೂರು ಸಲ ಹೇಳಿದಳು. ಅಲ್ಲಿಗೆ ನಾನು ಸುಮ್ಮನಿರಬಹುದಿತ್ತು. ಆದರೆ ಮೇಷ್ಟ್ರಿಗೆ ನಾಲ್ಕು ಜನ ಸಾಲಾಗಿ ಕೂತಿದ್ದು ಕಂಡರೆ ಮುಗಿಯಿತು. ಎದ್ದು ನಿಂತು ಭಾಷಣ ಶುರುಮಾಡಿದೆ. ನಾವು ಗಂಡಸರು ಮನೆಯ ಹೆಣ್ಣುಮಕ್ಕಳ ಹೆಸರನ್ನೇ ನುಂಗಿ ನೀರು ಕುಡಿದವರು, ಊರಿನ ಹೆಸರಲ್ಲಿ ಕೂಗಿ ಕೂಗಿ ಒಬ್ಬಳನ್ನು ಇಲ್ಲವೆನ್ನಿಸಿಬಿಟ್ಟೆವು, ಇದು ಘೋರ ಅನ್ಯಾಯ ಎಂದೆಲ್ಲ ಹೇಳಿದೆ. ಹೆಂಗಸರು ಚಪ್ಪಾಳೆ ತಟ್ಟಿದರು. ನಾನು ಉಬ್ಬಿದೆ.

"ಅದ್ಸರಿ ಕಣ್ಲಾ," ಎಂದಳು ಚಿಕ್ಕವ್ವ, ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಳ್ಳುತ್ತಾ. "ನಿನ್ನೆಂಡ್ತಿ ಅವ್ವನ ಎಸ್ರೇನು ಏಳು ನೋಡನ?"

ಹೇಳೋಣವೆಂದು ಬಾಯಿ ತೆರೆದೆ. ಮೂವತ್ತನಾಲ್ಕು ವರ್ಷ ಆಕೆ ಬಡಿಸಿದ ಮುದ್ದೆ ತಿಂದಿದ್ದೇನೆ, ಹಬ್ಬಹಬ್ಬಕ್ಕೆ ಕಾಲಿಗೆ ಬಿದ್ದಿದ್ದೇನೆ. ಕರೆಯುವುದು 'ಅತ್ತೆ' ಅಂತ. ನನ್ನ ಮೊಬೈಲಿನಲ್ಲಿ ಆಕೆ ಇರುವುದು 'ಚನ್ನರಾಯಪಟ್ಟಣ' ಎಂದು. ಹೆಂಡತಿಯ ಕಡೆ ನೋಡಿದೆ. ಅವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

ಎರಡನೇ ಸಾಲಿನಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ನಮ್ಮತ್ತೆಯೇ ಬಾಯಿ ಒರೆಸಿಕೊಂಡು ಮಾತಾಡಿದರು. "ಅಳಿಯಂದ್ರೇ, ನನ್ನೆಸ್ರಲ್ಲಿ ಜಮೀನೂ ಇಲ್ಲ, ಯಾವ ಪುಸ್ತಕದಲ್ಲೂ ಸಿಕ್ಕಾಕಿಲ್ಲ. ನಾ ಇರೋವಾಗ್ಲೇ ಕೇಳ್ಬುಡಿ."

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಜೇಬಿನಿಂದ ಮೊಬೈಲು ತೆಗೆದು, ಕನ್ನಡಕ ಸರಿಮಾಡಿಕೊಂಡು, "ಹೇಳಿ ಅತ್ತೆ, ಬರ್ಕೋತೀನಿ," ಎಂದೆ.