ಹಾಲು ಉಕ್ಕಿಸಿದ ಪುಸ್ತಕಗಳು

ಎಲ್ಲ ತಾಪತ್ರಯಕ್ಕೂ ಮೂಲ ಒಂದು ಬೆಕ್ಕು. ಮರಿ ಹಾಕಲು ಇಡೀ ಬಡಾವಣೆಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಅದು ಲೈಬ್ರರಿಯ ಹದಿಹರೆಯದವರ ಕೋಣೆಗೆ ಬಂದು, ಕಪಾಟಿನಲ್ಲಿ ಪುಸ್ತಕಗಳ ಹಿಂದೆ ಸಂಸಾರ ಹೂಡಿತ್ತು. ಅಂದು ಬೆಳಿಗ್ಗೆ ಲೈಬ್ರರಿ ಕಮಿಟಿಯ ಅಧ್ಯಕ್ಷರು ಒಂದು ಪುಸ್ತಕ ಎಳೆದರೆ, ಆ ಸಂದಿಯಿಂದ ಎರಡು ಪುಟ್ಟ ಕಣ್ಣುಗಳು ಪಿಳಿಪಿಳಿ ನೋಡಿದವು.

“ಏನ್ರೀ ಇದು?” ಎಂದು ಅಧ್ಯಕ್ಷರು ಗುಡುಗಿದರು. ಅವರು ನಿವೃತ್ತ ಹೆಡ್‌ಮಾಸ್ತರರು; ಗಂಟಲು ಮಾತ್ರ ಇನ್ನೂ ನಿವೃತ್ತಿಯಾಗಿರಲಿಲ್ಲ. “ಮರಿ ಹಾಕಿ, ಅವು ಕಣ್ಣು ಬಿಡೋವರೆಗೂ ಒಬ್ರೂ ಈ ಕಪಾಟು ಮುಟ್ಟಿಲ್ಲ ಅಂತಾಯ್ತಲ್ಲ!”

ಬೆಕ್ಕಾದರೂ ಬಂತಲ್ಲ ಎನ್ನಬೇಕೆಂದುಕೊಂಡ ಗ್ರಂಥಪಾಲಕರು ಮಾತನ್ನು ನುಂಗಿಕೊಂಡರು.

“ಸಂಜೆ ಐದಕ್ಕೆ ಕಮಿಟಿಯವರು ಬರ್ತೀವಿ. ಮಕ್ಕಳು ಕೂತು ಓದ್ತಿದ್ರೆ ಸರಿ. ಇಲ್ಲದಿದ್ರೆ ಈ ಕೋಣೆ ಕಮಿಟಿಗೆ. ನಮಗೂ ಕೂತು ಮಾತಾಡಕ್ಕೆ ಒಂದು ಜಾಗ ಬೇಡ್ವೇನ್ರೀ?”

ಮುರಿದ ಕುರ್ಚಿಗಳನ್ನು ಒಟ್ಟುತ್ತಿದ್ದ ಆ ಕೋಣೆಯನ್ನು ಗ್ರಂಥಪಾಲಕರು ಅವರಿವರ ಕೈಕಾಲು ಹಿಡಿದು ಮಕ್ಕಳಿಗೆಂದು ಬಿಡಿಸಿಕೊಂಡಿದ್ದರು. ಕಪಾಟಿಗೆ ತಾವೇ ಹಳದಿ ಬಣ್ಣ ಹೊಡೆದಿದ್ದರು. ಆದರೆ ಕಪಾಟು ತುಂಬಿಸುವ ಹೊತ್ತಿಗೆ ಕಮಿಟಿ ನುಗ್ಗಿತು. ಅಧ್ಯಕ್ಷರು ಶಿಸ್ತಿನ ಬಗ್ಗೆ ಹೊರೆಗಟ್ಟಲೆ ಪುಸ್ತಕ ತಂದು ಸುರಿದರು. ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಖಜಾಂಚಿ ಉಳಿತಾಯದ ಮೇಲೆ ತಂದರು. ಹಲ್ಲಿನ ಡಾಕ್ಟರಮ್ಮ ಸದಸ್ಯೆ. ಅವರು ಏನು ತಂದರೆಂದು ಬೇರೆ ಹೇಳಬೇಕಾಗಿಲ್ಲ. ಮಕ್ಕಳೇನೋ ದಿನವೂ ಬರುತ್ತಿದ್ದರು, ಆದರೆ ಹೊರಗಿನ ಮೆಟ್ಟಿಲವರೆಗೆ ಮಾತ್ರ. ಲೈಬ್ರರಿಯ ವೈಫೈ ಅಲ್ಲಿಯವರೆಗೂ ಸಿಗುತ್ತಿತ್ತು.

ಇಷ್ಟಕ್ಕೂ ಪುಸ್ತಕ ಆರಿಸುವುದರಲ್ಲಿ ನಮ್ಮ ಗ್ರಂಥಪಾಲಕರನ್ನು ಮೀರಿಸುವವರಿರಲಿಲ್ಲ. ಅವರ ಪರೀಕ್ಷೆಯೇ ಬೇರೆ. ಮನೆಯಲ್ಲಿ ಒಲೆಯ ಮೇಲೆ ಹಾಲಿಟ್ಟು, ಪಕ್ಕದಲ್ಲಿ ನಿಂತು ಪುಸ್ತಕದ ಮೊದಲ ಪುಟ ತೆರೆಯುತ್ತಿದ್ದರು. ಹಾಲು ಉಕ್ಕುವ ಮೊದಲು ಕೈ ಒಲೆಯತ್ತ ಹೋದರೆ ಪುಸ್ತಕ ಫೇಲು. ಉಕ್ಕಿ ಹರಿದು ಸೀದ ವಾಸನೆ ಬಂದರೂ ಗೊತ್ತಾಗದಿದ್ದರೆ ಪಾಸು. “ನಿಮ್ಮ ಸಾಹಿತ್ಯಸೇವೆಗೆ ನನ್ನ ಒಲೆ ಉಜ್ಜಿ ಉಜ್ಜಿ ಸಾಕಾಯ್ತು” ಎಂದು ಹೆಂಡತಿ ಗೊಣಗುತ್ತಿದ್ದಳು. ಆದರೆ ಅವಳೂ ಸೀದ ಪಾತ್ರೆ ನೋಡಿಯೇ ಯಾವ ಪುಸ್ತಕ ಓದಬೇಕೆಂದು ತೀರ್ಮಾನಿಸುತ್ತಿದ್ದಳು.

ಅಂದು ಅವರು ಶಿಸ್ತು, ಉಳಿತಾಯ, ಹಲ್ಲುಗಳನ್ನೆಲ್ಲ ಮೂಟೆ ಕಟ್ಟಿದರು. ಬೆಕ್ಕಿನ ಸಂಸಾರವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಮನೆಗೆ ಕಳಿಸಿದರು. ದೊಡ್ಡವರ ವಿಭಾಗದಲ್ಲಿ ದೂಳು ತಿನ್ನುತ್ತಿದ್ದ ತಮ್ಮ ಪಾಸಾದ ಪುಸ್ತಕಗಳನ್ನು ಒಂದೊಂದಾಗಿ ಹೆಕ್ಕಿ ತಂದರು. ಹಡಗಿನಲ್ಲಿ ಕಳ್ಳತನದಿಂದ ಹೊರಟ ಹುಡುಗಿಯ ಕತೆ, ಅಜ್ಜನ ಹೆಣ ಮಾಯವಾದ ಕತೆ, ಪರೀಕ್ಷೆಯಲ್ಲಿ ಫೇಲಾದವನೇ ಊರು ಉಳಿಸುವ ಕತೆ. ಕೊನೆಯಲ್ಲಿ ನೀತಿ ಹೇಳುವ ಒಂದನ್ನೂ ಹತ್ತಿರ ಸೇರಿಸಲಿಲ್ಲ. ಹಳದಿ ಕಪಾಟು ತುಂಬಿದಾಗ ಅದನ್ನು ನೋಡುತ್ತ ಅವರಿಗೆ ನಿಜಕ್ಕೂ ಕಣ್ಣು ತುಂಬಿ ಬಂತು.

ಮಧ್ಯಾಹ್ನ ಮೆಟ್ಟಿಲ ಬಳಿ ಹೋದರು. ಮೊಬೈಲಿನಲ್ಲಿ ಮುಳುಗಿದ್ದ ಗುಂಪಿಗೆ ಅವರ ಹೆಂಡತಿಯ ಅಕ್ಕನ ಮಗಳೇ ನಾಯಕಿ.

“ಚಿಕ್ಕಪ್ಪ, ಓದಿ ಅಂತ ಶುರು ಮಾಡ್ಬೇಡಿ ಪ್ಲೀಸ್” ಎಂದಳು.

“ನಾನ್ಯಾಕೆ ಹೇಳ್ಲಿ? ಒಳಗೆ ಸೆಖೆ, ಅದಕ್ಕೆ ಬಂದೆ” ಎಂದು ಅವರು ಮೆಟ್ಟಿಲ ಮೇಲೆ ಕೂತು, ತಮ್ಮಷ್ಟಕ್ಕೆ ಎಂಬಂತೆ ಅಜ್ಜನ ಹೆಣದ ಕತೆಯ ಮೊದಲ ಪುಟವನ್ನು ಗಟ್ಟಿಯಾಗಿ ಓದಿದರು. ಪುಟ ಮುಗಿಯುತ್ತಲೇ ಫಟ್ಟನೆ ಪುಸ್ತಕ ಮುಚ್ಚಿ ಎದ್ದರು.

ಎಲ್ಲರ ತಲೆಯೂ ಮೇಲೆದ್ದಿತ್ತು. “ಆಮೇಲೆ?”

“ಆಮೇಲಿಂದು ಎರಡನೇ ಪುಟದಲ್ಲಿದೆ. ಒಳಗೆ ಬಂದೋರಿಗೆ.”

“ಮೋಸ ಇದು, ಚಿಕ್ಕಪ್ಪ!” ಎಂದಳು ಹುಡುಗಿ. ಆಮೇಲೆ ಗೆಳೆಯರ ಮುಖ ನೋಡಿ, “ಟ್ಯೂಷನ್ ಮುಗಿಸ್ಕೊಂಡು ಬರ್ತೀವಿ. ಬೇರೆ ಯಾರಿಗೂ ಕೊಡ್ಬೇಡಿ” ಎಂದಳು. ಗ್ರಂಥಪಾಲಕರ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು.

ಒಳಗೆ ಹೋಗಿ ನೋಡಿದರೆ ಖಜಾಂಚಿ ಕಪಾಟಿನ ಮುಂದೆ ನಿಂತಿದ್ದಾರೆ.

“ನಮ್ಮ ಪುಸ್ತಕ ತೆಗೆದು ಏನೇನೋ ಇಟ್ಟಿದ್ದೀರಂತೆ? ಬೆಳೆಯೋ ಮಕ್ಕಳ ಕೈಗೆ ಏನು ಹೋಗ್ತಿದೆ ಅಂತ ನೋಡ್ಬೇಡ್ವಾ?” ಎಂದು ಒಂದು ಕಂತೆ ಬಗಲಿಗಿಟ್ಟುಕೊಂಡು ಹೊರಟರು. ಅವರ ಹಿಂದೆಯೇ ಡಾಕ್ಟರಮ್ಮ ಬಂದು, “ನಾನೂ ಒಂದ್ಸಲ ಪರಿಶೀಲನೆ ಮಾಡಿಬಿಡ್ತೀನಿ” ಎಂದು ಇನ್ನೊಂದು ಕಂತೆ ಒಯ್ದರು. ಉಳಿದದ್ದನ್ನೆಲ್ಲ ಅಧ್ಯಕ್ಷರು ಚೀಲಕ್ಕೆ ತುಂಬಿಸಿಕೊಂಡು, ಗ್ರಂಥಪಾಲಕರ ಕೈಯಲ್ಲಿದ್ದ ಅಜ್ಜನ ಹೆಣವನ್ನೂ ಕಿತ್ತುಕೊಂಡರು.

“ಸಾರ್, ಸಂಜೆ ಮಕ್ಕಳು ಬರ್ತಾರೆ!”

“ಅಷ್ಟರೊಳಗೆ ನೋಡಿ ಕೊಡ್ತೀವಿ ಕಣ್ರೀ. ಯಾಕೆ ಪೇಚಾಡ್ತೀರಿ?”

ನಾಲ್ಕು ದಾಟಿತು, ಯಾರ ಸುಳಿವೂ ಇಲ್ಲ. ಗ್ರಂಥಪಾಲಕರು ಎದ್ದೆನೋ ಬಿದ್ದೆನೋ ಎಂದು ಹಲ್ಲಿನ ಆಸ್ಪತ್ರೆಗೆ ಓಡಿದರು. ಅಲ್ಲಿ ಕುರ್ಚಿಯಲ್ಲೊಬ್ಬ ರೋಗಿ ಬಾಯಿ ತೆರೆದುಕೊಂಡು “ಆ… ಆ…” ಎನ್ನುತ್ತಿದ್ದ. ಡಾಕ್ಟರಮ್ಮ ದೀಪವನ್ನು ಅವನ ಬಾಯಿಂದ ಪುಸ್ತಕದ ಕಡೆ ತಿರುಗಿಸಿಕೊಂಡಿದ್ದರು. “ಹಾಗೇ ತೆಗೆದಿರಿ, ಇದೊಂದು ಪುಟ” ಎಂದು ರೋಗಿಗೆ ಹೇಳಿ, ಗ್ರಂಥಪಾಲಕರಿಗೆ ಬಾಗಿಲು ತೋರಿಸಿದರು.

ಹಾರ್ಡ್‌ವೇರ್ ಅಂಗಡಿಯಲ್ಲಿ ಗಿರಾಕಿಯೊಬ್ಬ ಎರಡಿಂಚಿನ ಮೊಳೆ ಕೇಳುತ್ತಿದ್ದ. ಮೊಳೆಯ ರಾಶಿಗೆ ಮೊಣಕೈ ಊರಿಕೊಂಡಿದ್ದ ಖಜಾಂಚಿ, ತಲೆ ಎತ್ತದೆ “ಸ್ಟಾಕಿಲ್ಲ” ಎಂದರು.

“ಸ್ವಾಮಿ, ನನ್ನ ಪುಸ್ತಕ—”

“ಅದೂ ಸ್ಟಾಕಿಲ್ಲ.”

ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ ಯಾರಿಗೆ ದೂರುವುದು? ಗ್ರಂಥಪಾಲಕರು ಏದುಸಿರು ಬಿಡುತ್ತ ಲೈಬ್ರರಿಗೆ ಬಂದರೆ, ಖಾಲಿ ಕಪಾಟಿನ ಮುಂದೆ ಮಕ್ಕಳು ಹಿಂಡಾಗಿ ನಿಂತಿದ್ದರು.

“ಎರಡನೇ ಪುಟ ಎಲ್ಲಿ, ಚಿಕ್ಕಪ್ಪ?”

ಅವರು ಬಾಗಿಲ ಕಡೆ ನೋಡಿದರು. “ನಾನು ಹೇಳ್ಲಿಲ್ವಾ, ದೊಡ್ಡೋರೆಲ್ಲ ಇಷ್ಟೇ” ಎಂದು ಹುಡುಗಿ ಗುಂಪನ್ನು ಕರೆದುಕೊಂಡು ಹೊರನಡೆದಳು. ಆ ಮಾತು ಗ್ರಂಥಪಾಲಕರಿಗೆ ಮೊಳೆ ಹೊಡೆದಂತೆ ನಾಟಿತು.

ಐದಕ್ಕೆ ಸರಿಯಾಗಿ ಕಮಿಟಿ ಬಂತು. ಮೂವರೂ ಓದಿದ ಪುಟ ತಪ್ಪಿಹೋಗದಂತೆ ಪುಸ್ತಕದೊಳಗೆ ಬೆರಳಿಟ್ಟುಕೊಂಡಿದ್ದರು.

“ಕೋಣೆ ಖಾಲಿ” ಎಂದರು ಖಜಾಂಚಿ.

“ಕಪಾಟೂ ಖಾಲಿ” ಎಂದರು ಡಾಕ್ಟರಮ್ಮ.

“ಪುಸ್ತಕ ನಿಮ್ಮ ಹತ್ರವೇ ಇದೆಯಲ್ಲ ಸಾರ್! ಮಕ್ಕಳು ಬಂದಿದ್ರು!” ಗ್ರಂಥಪಾಲಕರು ಅಳುವುದೊಂದು ಬಾಕಿ. “ಅದರಲ್ಲಿ ತಪ್ಪೇನಾದ್ರೂ ಇದ್ರೆ ಹೇಳಿ.”

“ತಪ್ಪಾ? ಎಂಥಾ ಆಯ್ಕೆ ಕಣ್ರೀ!” ಅಧ್ಯಕ್ಷರು ಮೆಚ್ಚುಗೆಯಿಂದ ಅವರ ಬೆನ್ನು ತಟ್ಟಿದರು. “ನಾನು ಊಟ ಮಾಡಿಲ್ಲ, ಮಾತ್ರೆ ನುಂಗಿಲ್ಲ. ಅದಕ್ಕೇ ಮಕ್ಕಳಿಗೆ ಇವು ಬೇಡ. ಕೈಗೆ ಕೊಟ್ರೆ ಓದ್ತಾ ಕೂತ್ಬಿಡ್ತಾರೆ!”

ಮಕ್ಕಳು ಓದುವುದಿಲ್ಲವೆಂದು ಬೆಳಿಗ್ಗೆ ಹೋಗಲಿದ್ದ ಕೋಣೆ, ಓದಿಬಿಟ್ಟಾರೆಂದು ಸಂಜೆ ಹೋಯಿತು. ಮೂವರೂ ಮಾತಾಡಲು ಬೇಕಾಗಿದ್ದ ಆ ಕೋಣೆಯಲ್ಲಿ ಒಂದು ಮಾತೂ ಆಡದೆ ಕೂತು ಓದತೊಡಗಿದರು. ಅಧ್ಯಕ್ಷರು ಅಜ್ಜನ ಹೆಣವನ್ನು ಹಿಡಿದು ಕಿಟಕಿಗೆ ಬೆನ್ನು ಕೊಟ್ಟು ಕೂತರು.

ಸ್ವಲ್ಪ ಹೊತ್ತಿಗೆ ಅವರ ಹಿಂದಿನಿಂದ ಒಂದು ದನಿ ಬಂತು.

“ತಾತಾ, ಬೇಗ ಪುಟ ತಿರುಗಿಸಿ! ನಮ್ಮದು ಆಗ್ಲೇ ಓದಿ ಆಯ್ತು!”

ಕಿಟಕಿಯ ತುಂಬ ತಲೆಗಳು. ಒಂದರ ಮೇಲೊಂದು ಗಲ್ಲ ಊರಿ, ಎಲ್ಲರೂ ಅಧ್ಯಕ್ಷರ ಹೆಗಲ ಮೇಲಿಂದ ಇಣುಕುತ್ತಿದ್ದರು. ಒಬ್ಬರ ಕೈಯಲ್ಲೂ ಮೊಬೈಲಿರಲಿಲ್ಲ.

ಗ್ರಂಥಪಾಲಕರಿಗೆ ಕುಣಿಯುವಷ್ಟು ಖುಷಿಯಾಯಿತು. “ನೋಡಿ ಸಾರ್! ಓದ್ತಿದ್ದಾರೆ!”

ಅಧ್ಯಕ್ಷರು ಪುಟದಿಂದ ಕಣ್ಣೆತ್ತಲಿಲ್ಲ.

“ಏನು ಗಲಾಟೆ ಅದು! ಇಲ್ಲಿ ಜನ ಓದ್ತಿರೋದು ಕಾಣಲ್ವಾ? ಮೊದ್ಲು ಆ ಕಿಟಕಿ ಮುಚ್ಚಿ ಬನ್ರೀ.”