ಶಲವಡಿ ಕಂಪ್ಯೂಟರಿಗೆ ಧಾರವಾಡ ಬಸ್ಸಿನ ನಿರ್ವಾಹಕರ ಅನುಮತಿ

ಸಂಖ್ಯೆ: ದೂ.ಸ್ಥಾ.ವಿ/ಭದ್ರತೆ/ಬಸ್/47

ವಿಷಯ: ದೂರದಿಂದ ತಂತ್ರಾಂಶ ಸ್ಥಾಪಿಸುವಾಗ ಭದ್ರತಾ ಸೆಟ್ಟಿಂಗ್ ಸಡಿಲಿಸಲು ನಿರ್ವಾಹಕರನ್ನು ಬಸ್ಸಿನಿಂದ ಇಳಿಸಿಕೊಳ್ಳುವ ಕುರಿತು.

ಉಲ್ಲೇಖ: (ಅ) ಶಲವಡಿ ಸೇವಾ ಕೇಂದ್ರದ ಪರದೆಯ ಮೇಲೆ ಮೂಡಿದ ಸಂದೇಶ. (ಆ) ಅದೇ ಸಂದೇಶ, ಮತ್ತೊಮ್ಮೆ.

ಆದಾಯ ಪ್ರಮಾಣಪತ್ರದ ಹೊಸ ತಂತ್ರಾಂಶವನ್ನು ಕೇಂದ್ರ ಕಚೇರಿಯಲ್ಲಿ ಕುಳಿತೇ ಎಲ್ಲ ಸೇವಾ ಕೇಂದ್ರಗಳ ಕಂಪ್ಯೂಟರಿಗೆ ಇಳಿಸಲಾಗುತ್ತಿದೆ. ಶಲವಡಿಯ ಪರದೆಯು ಮಾತ್ರ 'ಭದ್ರತಾ ಸೆಟ್ಟಿಂಗ್ ತಡೆದಿದೆ. ನಿರ್ವಾಹಕರನ್ನು ಸಂಪರ್ಕಿಸಿ' ಎಂದು ಅಚ್ಚ ಕನ್ನಡದಲ್ಲಿ ತಿಳಿಸಿರುತ್ತದೆ. ಅಲ್ಲಿನ ಆಪರೇಟರ್ ಶ್ರೀಮತಿ ಮಾದೇವಿ ಇವರು ಕೂಡಲೇ ಬಸ್ ನಿಲ್ದಾಣಕ್ಕೆ ಹೋಗಿ ಧಾರವಾಡ ಬಸ್ಸಿನ ನಿರ್ವಾಹಕ ಶ್ರೀ ಸುಭಾಸ ಇವರನ್ನು ಸಂಪರ್ಕಿಸಿ ಕೇಂದ್ರಕ್ಕೆ ಕರೆತಂದದ್ದು ಕ್ರಮಬದ್ಧವಾಗಿದೆ. ಅಂದೇ ಸಂಜೆಯೊಳಗೆ ಪ್ರಮಾಣಪತ್ರ ಸಿಗದಿದ್ದರೆ ಹಾಸ್ಟೆಲ್ ಸೀಟು ಕಳೆದುಕೊಳ್ಳಲಿದ್ದ ಕುಮಾರಿ ದಾನೇಶ್ವರಿ ಕಿಟಕಿಗೆ ಆತು ನಿಂತಿದ್ದರಿಂದ, ಮಾದೇವಿಯವರಿಗೆ ಬೇರೆ ಯೋಚನೆ ಹೊಳೆಯಲಿಲ್ಲವೆಂಬುದನ್ನು ಇಲಾಖೆ ಒಪ್ಪಿದೆ. ಇಲಾಖೆಗೂ ಹೊಳೆದಿಲ್ಲ. ಆದ್ದರಿಂದ ಈ ಕೆಳಕಂಡಂತೆ ಸೂಚಿಸಲಾಗಿದೆ:

1. ಪರದೆ ನಿರ್ವಾಹಕರನ್ನು ಕೇಳಿದಾಗ ಚಾಲಕರನ್ನು ಕರೆತರತಕ್ಕದ್ದಲ್ಲ. ಚಾಲಕರನ್ನು ಪ್ರಿಂಟರ್ ಕೇಳುತ್ತದೆ. 'ಚಾಲಕ ಕಂಡುಬಂದಿಲ್ಲ' ಎಂದು ಪ್ರಿಂಟರ್ ದೂರಿದ ಹೊತ್ತಿನಲ್ಲಿ ಸದರಿಯವರು ಚಹಾದಂಗಡಿಯಲ್ಲಿದ್ದುದು ವಿಚಾರಣೆಯಲ್ಲಿ ಸಾಬೀತಾಗಿದೆ.

2. ಮೇಲಧಿಕಾರಿಗಳು ದೂರದಿಂದ ಪರದೆಯ ಬಾಣವನ್ನು ಚಲಾಯಿಸುವಾಗ ಸಿಬ್ಬಂದಿ ಎದ್ದು ನಿಲ್ಲತಕ್ಕದ್ದು.

3. 'ಅಪರಿಚಿತ ಪ್ರಕಾಶಕರನ್ನು ನಂಬುವಿರಾ?' ಎಂಬ ಪ್ರಶ್ನೆಗೆ ನಿರ್ವಾಹಕರು ಪ್ರಯಾಣಿಕರ ಅಭಿಪ್ರಾಯ ಪಡೆದು ಉತ್ತರಿಸುವುದು. ಬಸ್ಸಿನ ಹಿಂದಿನ ಸೀಟಿನ ಶ್ರೀ ಕುಬೇರಪ್ಪ ಇವರು "ನಾ ನನ್ನ ಖಾಸಾ ತಮ್ಮನ್ನ ನಂಬೂದಿಲ್ಲ, ಇಂವ ಯಾಂವಲೇ ಪ್ರಕಾಶಕ?" ಎಂದದ್ದರಿಂದ 'ಇಲ್ಲ' ಒತ್ತಲಾಗಿ, ಸ್ಥಾಪನೆ ನಿಂತಿದೆ.

4. ಬಳಿಕ ಶ್ರೀ ಸುಭಾಸ ಇವರು "ಅಕ್ಕಾರ, ನಾ ಟಿಕೀಟ ಕೊಡಾಂವ್ರಿ. ಈ ಡಬ್ಬಿಗೆ ಏನ್ ಹೇಳ್ಲಿ?" ಎಂದಿದ್ದು, ಶ್ರೀಮತಿ ಮಾದೇವಿ ಇವರು "ಅದು ನಿಮ್ಮನ್ನ ಕೇಳಾಕತ್ತೈತ್ರಿ. ಹುಡುಗಿ ಸೀಟಿನ ಮಾತೈತಿ, ಏನರೆ ಕೊಟ್ಟ ಹೋಗ್ರಿ" ಎಂದಿರುತ್ತಾರೆ. ಸೀಟು ಎಂದೊಡನೆ ಸುಭಾಸ ಇವರು ದಾನೇಶ್ವರಿಗೆ ಧಾರವಾಡದ ಟಿಕೆಟ್ ನೀಡಿದ್ದಾರೆ. ಮಹಿಳೆಯರ ಉಚಿತ ಪ್ರಯಾಣದ ಟಿಕೆಟ್ ಆದ್ದರಿಂದ ಮೊತ್ತದ ಮುಂದೆ ಸೊನ್ನೆ ನಮೂದಾಗಿದೆ.

5. ಸದರಿ ಟಿಕೆಟನ್ನು ಪರಿಶೀಲಿಸಲಾಗಿದೆ. ದಿನಾಂಕವಿದೆ, ಊರಿದೆ, ನಿರ್ವಾಹಕರ ಸಂಖ್ಯೆಯಿದೆ, ಸೊನ್ನೆಯಿದೆ. ಕುಟುಂಬದ ಆದಾಯ ಸೊನ್ನೆಯೆಂದು ಪರಿಗಣಿಸಿ ಹಾಸ್ಟೆಲ್ ಸೀಟು ಮಂಜೂರು ಮಾಡಲಾಗಿದೆ.

6. ತಂತ್ರಾಂಶದ ಅಗತ್ಯವನ್ನು ಇಲಾಖೆ ಮರುಪರಿಶೀಲಿಸುತ್ತಿದೆ.

ಸಹಿ/- (ಓದಲು ಬರುವುದಿಲ್ಲ)
ಉಪ ನಿರ್ದೇಶಕರು (ಪ್ರಭಾರ)
ದೂರಸ್ಥ ಸ್ಥಾಪನಾ ವಿಭಾಗ

ಪ್ರತಿಗಳು:
1. ಶ್ರೀ ಕುಬೇರಪ್ಪ, ಹಿಂದಿನ ಸೀಟು: ನಂಬದಿದ್ದರೂ ಮಾಹಿತಿಗಾಗಿ.
2. ಶ್ರೀ ಸುಭಾಸ, ನಿರ್ವಾಹಕರು: ಮುಂದಿನ ತಿಂಗಳಿನಿಂದ ಮರಣ ಪ್ರಮಾಣಪತ್ರವನ್ನೂ ನೀಡಲು. ಮರಳಿ ಬರುವ ಟಿಕೆಟ್ ಕೊಡಕೂಡದು.
3. ಶ್ರೀಮತಿ ಮಾದೇವಿ: ಪ್ರಶಂಸೆಗಾಗಿ ಹಾಗೂ ಕಾರಣ ಕೇಳುವ ನೋಟಿಸಿಗಾಗಿ.
4. ಕುಮಾರಿ ದಾನೇಶ್ವರಿ: ಟಿಕೆಟ್ ಬಸ್ಸಿನಿಂದ ಇಳಿಯುವವರೆಗೆ ಮಾತ್ರ ಊರ್ಜಿತ. ಆದ್ದರಿಂದ ಪದವಿ ಮುಗಿಯುವ ತನಕ ಇಳಿಯತಕ್ಕದ್ದಲ್ಲ.